ಇದು ಅದಕ್ಕೆ ಕಾದಿದೆ, ಅದು ಇದಕ್ಕೆ ಕಾದಿದೆ

ಫಂಕ್ಷನಲ್ ಪ್ರೋಗ್ರಾಮಿಂಗ್ ಎಂಬ ಬಗೆಯ ಒಂದು ಕಂಪ್ಯೂಟರ್ ಭಾಷೆಗೆ ಟೈಪ್ ಚೆಕರ್ ಪ್ಲಗಿನ್ ಬರೆಯುವುದು ನನ್ನ ಎಡಗೈ ಕೆಲಸವೆಂದು ನಂಬಿದ್ದ ಕಾಲವೊಂದಿತ್ತು. ಟೈಪ್ ಚೆಕರ್ ಎಂದರೆ ಕಾವಲುಗಾರ. ರಾಗಿಯ ಸೇರಿಗೆ ಹಾಲಿನ ಲೀಟರನ್ನು ಕೂಡಿಸಹೊರಟ ಪ್ರೋಗ್ರಾಮನ್ನು ಬಾಗಿಲಲ್ಲೇ ತಡೆಯುತ್ತಾನೆ. ಅವನ ಕೈಗೆ ನಾನೊಂದು ಬೆತ್ತ ಕೊಡಲಿದ್ದೆ. ಅದೇ ಪ್ಲಗಿನ್.

ಈ ಘನಕಾರ್ಯದ ನಡುವೆ ನನ್ನ ಹೆಂಡತಿ ಸಾವಿತ್ರಿ, ಕೊಕ್ಕರೆ ಬೆಳ್ಳೂರಿನ ತನ್ನ ತವರಿಗೆ ಹೋಗಿಬರೋಣ, ಹಕ್ಕಿಗಳು ಮರಿ ಮಾಡಿವೆ ಎಂದಳು. ಪ್ಲಗಿನ್ ಮುಗಿಯಲಿ ಎಂದೆ. ಮತ್ತೆ ಕೇಳಿದಾಗಲೂ ಅದನ್ನೇ ಅಂದೆ. ತನ್ನ ಪಾಲಿನ ಬೀಗದ ಕೈಯನ್ನು ನನ್ನ ಮುಂದಿಟ್ಟು, ಒಬ್ಬಳೇ ಬಸ್ಸು ಹತ್ತಿದಳು.

ಮಳವಳ್ಳಿಯ ನಮ್ಮ ಮನೆಯಲ್ಲಿ ಮೌನ ಸ್ಥಾಪನೆಯಾಯಿತು. ಇನ್ನು ಕೆಲಸ ಓಡುತ್ತದೆಂದು ಹಿಗ್ಗಿದೆ. ಓಡಲಿಲ್ಲ. ಮರೆತು ಎರಡು ಲೋಟ ಕಾಫಿ ಬೆರೆಸುತ್ತಿದ್ದೆ. ಒಂದನ್ನು ನೋಡುತ್ತಾ ಇನ್ನೊಂದನ್ನು ಕುಡಿಯುತ್ತಿದ್ದೆ.

ಹೋಗಿ ಕರೆತರಬಹುದಿತ್ತು. ಆದರೆ ಕರೆ ಬಾರದೆ ಅಳಿಯ ಮಾವನ ಮನೆ ಮೆಟ್ಟಿಲು ಹತ್ತುವುದು ನಮ್ಮ ಕಡೆ ಮರ್ಯಾದೆಯಲ್ಲ. ಮುನಿಸಿಕೊಂಡು ಹೋದವಳು ಗಂಡ ಬಂದು ಕರೆಯದೆ ಹಿಂತಿರುಗುವುದೂ ಮರ್ಯಾದೆಯಲ್ಲ. ಫೋನಿನಲ್ಲಿ ಇಬ್ಬರೂ ತುಳಸಿಗೆ ನೀರು ಹಾಕಿದ ವಿಷಯವನ್ನಷ್ಟೇ ಚರ್ಚಿಸಿ ಗೌರವ ಕಾಪಾಡಿಕೊಂಡೆವು.

ಅಂತೂ ಪ್ಲಗಿನ್ ಬರೆದು ಮುಗಿಸಿದೆ. ಎಲ್ಲವನ್ನೂ ಕ್ರಮವಾಗಿ ಜೋಡಿಸುವ ಬಿಲ್ಡ್ ಟೂಲ್ ಕೂಡ ನನ್ನದೇ ಕೃತಿ. ಪ್ಲಗಿನ್ನಿನ ತಪಾಸಣೆಯಿಲ್ಲದೆ ಯಾವ ಫೈಲೂ ಒಳಗೆ ಬರಕೂಡದೆಂದು ಅದಕ್ಕೆ ಕಟ್ಟಪ್ಪಣೆ ಮಾಡಿದ್ದೆ. ಪ್ಲಗಿನ್ನೂ ಒಂದು ಫೈಲೆಂಬುದು ಮರೆತೇಹೋಗಿತ್ತು! ಪ್ಲಗಿನ್ ಸಿದ್ಧವಾಗಲು ತಪಾಸಣೆ ಆಗಬೇಕು. ತಪಾಸಣೆಗೆ ಪ್ಲಗಿನ್ ಬೇಕು. ಪರದೆಯ ಮೇಲೆ ಕೆಂಪಕ್ಷರ ಮೂಡಿತು: ಇದು ಅದಕ್ಕೆ ಕಾದಿದೆ, ಅದು ಇದಕ್ಕೆ ಕಾದಿದೆ.

ನಮ್ಮ ಸಂಸಾರವನ್ನು ಇಷ್ಟು ಚೆನ್ನಾಗಿ ಯಾರೂ ಬಣ್ಣಿಸಿರಲಿಲ್ಲ.

ಪ್ಲಗಿನ್ ಒಂದನ್ನು ಮಾತ್ರ ತಪಾಸಣೆಯಿಲ್ಲದೆ ಬಿಡುವಂತೆ ನಿಯಮ ಸಡಿಲಿಸಿದೆ. ಬಿಲ್ಡ್ ಆಯಿತು. ಮರುದಿನ ಬೆಳಿಗ್ಗೆಯೇ ಮನೆಗೆ ಬೀಗ ಹಾಕಿ, ಕರೆಯಿಲ್ಲದೆ, ನಾನೂ ಮದ್ದೂರಿನ ಬಸ್ಸು ಹತ್ತಿದೆ.

ಬೆಳ್ಳೂರಿನ ಹುಣಸೆ ಮರದಲ್ಲಿ ಕೊಕ್ಕರೆಗಳು ಸರದಿಯಂತೆ ಗೂಡು ಕಾಯುತ್ತಿದ್ದವು. ಒಂದು ಬಂದಿಳಿದ ಮೇಲೇ ಇನ್ನೊಂದು ಹಾರುತ್ತಿತ್ತು. ಸಾವಿತ್ರಿಯ ಪಕ್ಕದಲ್ಲಿ ನಿಂತು ನೋಡಬೇಕೆನಿಸಿ, ಬಿರಬಿರನೆ ಹೆಜ್ಜೆ ಹಾಕಿದೆ.

ಬಾಗಿಲಲ್ಲಿ ಅವಳ ತಮ್ಮ ಇದ್ದ. "ಬನ್ನಿ ಬಾವ. ಅಕ್ಕ ಬೆಳಗಿನ ಬಸ್ಸಿಗೇ ಮಳವಳ್ಳಿಗೆ ಒಂಟೋದ್ಲಲ್ಲ. ನೀವು ಕರಿಯಾಕೆ ಬರಾಕಿಲ್ಲ ಬುಡು ಅಂತ ಅವಳೇ ಸೋತ್ಲು."

ಮದ್ದೂರಿನ ಹತ್ತಿರ ಎಲ್ಲೋ ನಮ್ಮ ಬಸ್ಸುಗಳು ಒಂದಕ್ಕೊಂದು ದಾರಿ ಬಿಟ್ಟುಕೊಟ್ಟು ದಾಟಿರಬೇಕು. ಅಷ್ಟರಲ್ಲಿ ಫೋನು.

"ಏನ್ರೀ, ಮನೆಗೆ ಬೀಗ ಐತೆ. ಎಲ್ಲಿದ್ದೀರಾ?"

"ನಿಮ್ಮಪ್ಪನ ಮನೇಲಿ."

"ಯಾರು ಕರೆದ್ರು?"

"ಯಾರೂ ಇಲ್ಲ."

"ಸರಿ, ಉಂಡ್ಕೊಂಡು ಬನ್ನಿ. ಜಗಲಿ ಮೇಲೆ ಕೂತಿರ್ತೀನಿ." ದನಿಯಲ್ಲಿ ನಗುವಿತ್ತು.

ಅತ್ತೆ ಮುದ್ದೆ ಬಡಿಸಿದರು. ಎರಡನೇ ತುತ್ತಿಗೇ ಮುಂದಿನ ಬಸ್ಸು ಎಷ್ಟೊತ್ತಿಗೆಂದು ಕೇಳಿದೆ. ಯಾವುದರ ಮುಂದೆ ಯಾವುದು, ಹಿಂದೆ ಯಾವುದು ಎಂದು ಜಗತ್ತಿಗೆ ಜೋಡಿಸಿಕೊಡುವ ಮಹಾಶಯ, ಮನೆಯ ಎರಡೂ ಬೀಗದ ಕೈಗಳನ್ನು ಒಂದೇ ಜೇಬಿನಲ್ಲಿಟ್ಟುಕೊಂಡು ಕೂತಿದ್ದ.