ಮೊದಲ ಎಲೆಯ ತುಪ್ಪ

ಹೊಟ್ಟೆಕಿಚ್ಚು ಕೆಟ್ಟದ್ದೆಂದು ಉಪದೇಶ ಮಾಡುವವರಿಗೆಲ್ಲ ಷಡ್ಡಕರೇ ಇಲ್ಲವೆಂದು ಕಾಣುತ್ತದೆ. ನನಗೊಬ್ಬನಿದ್ದಾನೆ, ಹೆಂಡತಿಯ ತಂಗಿಯ ಗಂಡ ಸೀತಾರಾಮು. ಅವನು ಬಂದ ಮೇಲೂ ನಾನು ಹೇಗೋ ಸಾಧುಪ್ರಾಣಿಯಾಗಿಯೇ ಉಳಿದಿದ್ದೆ. ಏಕೆಂದರೆ ರಾಜಾಜಿನಗರದ ನಮ್ಮ ಮಾವನ ಮನೆಯಲ್ಲಿ ಹಬ್ಬದೂಟದ ಮೊದಲ ಎಲೆ ಹಿರಿಯ ಅಳಿಯನದು, ಅಂದರೆ ನನ್ನದು. ಅತ್ತೆಯವರ ತುಪ್ಪದ ಮಿಳ್ಳೆ ಮೊದಲು ಬಗ್ಗುವುದು ಅಲ್ಲಿ. ಪಂಕ್ತಿಯ ಕೊನೆ ಮುಟ್ಟುವಷ್ಟರಲ್ಲಿ ತುಪ್ಪವೂ ಕಡಿಮೆಯಾಗಿರುತ್ತದೆ, ಉಪಚಾರವೂ ಕಡಿಮೆಯಾಗಿರುತ್ತದೆ.

ಹೀಗಿರುವಾಗ ಸೀತಾರಾಮುವಿನ ಕೃಷಿ ಇಲಾಖೆಯವರು ಮುಸುಕಿನ ಜೋಳದ ವ್ಯವಸಾಯ ಕಲಿತು ಬಾ ಎಂದು ಅವನನ್ನು ಮೆಕ್ಸಿಕೋ ದೇಶಕ್ಕೆ ಕಳಿಸಿದರು. ಹಿಂದಿರುಗಿದವನ ಬಾಯಲ್ಲಿ ಜೋಳದ ಸುದ್ದಿಯೇ ಇಲ್ಲ, ಬರೀ ಸ್ಪ್ಯಾನಿಷ್ ಭಾಷೆಯದು.

“ಒಂದಿನ ಧೈರ್ಯ ಮಾಡಿ ಅಂಗಡಿಯವಳನ್ನ ಸ್ಪ್ಯಾನಿಷ್‌ನಲ್ಲೇ ಬ್ರೆಡ್ ಕೇಳ್ದೆ ಅತ್ತೆ. ಕೊಟ್ಟೇಬಿಟ್ಲು!”

“ಅಯ್ಯೋ, ಕೊಟ್ಟೇಬಿಟ್ಲೇ!” ಎಂದು ಅತ್ತೆ ಗಲ್ಲದ ಮೇಲೆ ಕೈಯಿಟ್ಟುಕೊಂಡರು.

ಕಾಸು ಕೊಟ್ಟರೆ ಬ್ರೆಡ್ ಕೊಡದೆ ಇನ್ನೇನು ಮಾಡುತ್ತಾಳೆ? ಇನ್ನೊಂದು ದಿನ ಕ್ಷೌರಿಕ ಇವನು ಹೇಳಿದಷ್ಟೇ ಕೂದಲು ಕತ್ತರಿಸಿದನಂತೆ. ಮತ್ತೊಂದು ದಿನ ದಾರಿ ಕೇಳಿಕೊಂಡು ಸರಿಯಾದ ಕಡೆ ಬಸ್ಸಿಳಿದನಂತೆ. ನಾನೂ ದಿನಾ ಆಫೀಸಿನಿಂದ ಸರಿಯಾದ ಕಡೆಯೇ ಇಳಿದು ಬರುತ್ತೇನೆ. ನನಗಾಗಿ ಯಾರೂ ಗಲ್ಲ ಮುಟ್ಟಿಕೊಂಡದ್ದಿಲ್ಲ. ಇದನ್ನಾದರೂ ನುಂಗಿಕೊಳ್ಳಬಹುದಿತ್ತು. ಆದರೆ ಅತ್ತೆ ಒಂದು ಸಂಜೆ, “ಈ ಉಗಾದಿಗೆ ಮೊದಲ್ನೇ ಎಲೇಲಿ ಸೀತಾರಾಮು ಕೂತ್ಕೊಳ್ಲಿ, ದೂರದೇಶದಿಂದ ಬಂದಿದಾರೆ. ನೀವು ಹೇಗಿದ್ರೂ ಮನೆಯವ್ರೇ ಅಲ್ವೇ?” ಎಂದುಬಿಟ್ಟರು. ನನ್ನ ಹೊಟ್ಟೆಯಲ್ಲಿ ಬೆಂಕಿ ಬಿತ್ತು.

ನಾನೇನು ಭಾಷೆ ಬಾರದವನೇ? ಎದುರಿಗಿರುವವರ ಭಾಷೆಗೆ ತಾನಾಗಿಯೇ ಹೊರಳಿಕೊಳ್ಳುವುದು ನಮ್ಮ ಬೆಂಗಳೂರಿನವನ ಹುಟ್ಟುಗುಣ. ಹೂವಿನವಳ ಹತ್ತಿರ ತಮಿಳು, ಬಳೆಯವನ ಹತ್ತಿರ ತೆಲುಗು, ನಮ್ಮ ಖಾಯಂ ಜಟಕಾದ ಬಾಷಾ ಸಾಹೇಬರ ಹತ್ತಿರ ಉರ್ದು. ಇದನ್ನು ಸೀತಾರಾಮು ಕಣ್ಣಾರೆ ಕಂಡು ಅತ್ತೆಯ ಕಿವಿಗೆ ಹಾಕಿದರೆ ನನ್ನ ಎಲೆ ನನಗೆ ಬಂದೀತೆಂದು ಲೆಕ್ಕ ಹಾಕಿದೆ. ಹಬ್ಬದ ಹಿಂದಿನ ದಿನ ಬಾಳೆಲೆ ತರುವ ನೆಪದಲ್ಲಿ ಅವನನ್ನು ಸಿಟಿ ಮಾರ್ಕೆಟ್ಟಿಗೆ ಕರೆದೊಯ್ದು, ಬರುವಾಗ ಬಾಷಾ ಸಾಹೇಬರ ಜಟಕಾ ಹತ್ತಿಸಿದೆ.

“ಸಾಹೇಬ್, ಘೋಡಾ ಆಹಿಸ್ತಾ ಚಲಾವ್, ಖಡ್ಡಾ ಬಹುತ್ ಹೈ!” ಎಂದು, ಗುಂಡಿ ಬಹಳ, ನಿಧಾನವಾಗಿ ಓಡಿಸಿ ಎನ್ನುವುದನ್ನು ಉರ್ದುವಿನಲ್ಲಿ ಗತ್ತಿನಿಂದ ಹೇಳಿದೆ. ಆ ಮುದಿ ಕುದುರೆಗೆ ಆಹಿಸ್ತಾ ಬಿಟ್ಟು ಬೇರೆ ನಡಿಗೆ ಗೊತ್ತಿರಲಿಲ್ಲವೆನ್ನುವುದು ಬೇರೆ ಮಾತು. “ಹೌ ಸಾಬ್” ಎಂದರು ಸಾಹೇಬರು. ನಾನು ಸೀತಾರಾಮುವಿನ ಮುಖ ನೋಡಿದೆ. ಅವನು ಕುದುರೆಯನ್ನು ನೋಡುತ್ತಿದ್ದ.

“ವಯಸ್ಸೆಷ್ಟಾಯ್ತು ಸಾಹೇಬ್ರೇ ಇದಕ್ಕೆ?” ಎಂದು ಕನ್ನಡದಲ್ಲೇ ಕೇಳಿದ.

“ಮುದಿಯಾಯ್ತು ಸ್ವಾಮಿ. ಹುರುಳಿ ಕಂಡ್ರೆ ಮಾತ್ರ ಇನ್ನೂ ಹರೇದ ಹುಡುಗ್ನಂಗಾಡ್ತದೆ” ಎಂದರು ಬಾಷಾ ಸಾಹೇಬರು, ಅಪ್ಪಟ ಕನ್ನಡದಲ್ಲಿ.

“ನಿಮಗೆ ಕನ್ನಡ ಬರುತ್ತಾ?” ಎಂದೆ.

“ಹುಟ್ಟಿದ್ದೇ ಮಾಗಡೀಲಿ ಸ್ವಾಮಿ. ತಾವು ಪಾಪ, ಅಷ್ಟು ಆಸೆಯಿಂದ ಮಾತಾಡ್ತಿದ್ರಿ. ಬೇಜಾರು ಮಾಡೋದ್ಯಾಕೆ ಅಂತ ಸುಮ್ನಿದ್ದೆ.”

ಸೀತಾರಾಮು ಬಿದ್ದು ಬಿದ್ದು ನಕ್ಕ. ನಕ್ಕು ಸುಸ್ತಾದ ಮೇಲೆ, “ಬಿಡಿ ಅಣ್ಣ, ಆ ಬ್ರೆಡ್ ಅಂಗಡಿಯವಳೂ ಹೀಗೇ ಮಾಡಿದ್ಲು. ನಾನು ಹೊರಡೋ ದಿನ ಚೆನ್ನಾಗಿ ಇಂಗ್ಲಿಷ್‌ನಲ್ಲಿ ಹೋಗಿಬನ್ನಿ ಅಂದ್ಲು. ಮೊದ್ಲಿಂದ್ಲೂ ಬರ್ತಿತ್ತಂತೆ!” ಎಂದ. ನನಗೆ ಹೋದ ಜೀವ ಬಂದಂತಾಯಿತು. ಇಂಥ ಅಸ್ತ್ರವನ್ನು ಶತ್ರುವೇ ಕೈಗಿತ್ತರೆ ಬಿಡುವುದುಂಟೇ?

ಮರುದಿನ ಎರಡನೆಯ ಎಲೆಯಲ್ಲಿ ಕೂತು, ಅತ್ತೆ ಮಿಳ್ಳೆ ಹಿಡಿದು ಬಂದ ಸಮಯ ನೋಡಿ ಬ್ರೆಡ್ಡಿನವಳ ಗುಟ್ಟನ್ನು ರಟ್ಟು ಮಾಡಿದೆ.

“ಎಂಥ ಒಳ್ಳೇ ಹೆಂಗಸು!” ಎಂದರು ಅತ್ತೆ. “ನಮ್ಮ ಹುಡುಗನ ಬಾಯಲ್ಲಿ ತನ್ನ ಭಾಷೆ ಕೇಳೋಕೆ ಅವಳಿಗೆ ಎಷ್ಟು ಇಷ್ಟ ಇತ್ತೋ ಏನೋ!” ಎನ್ನುತ್ತ ಅವನ ಒಬ್ಬಟ್ಟಿನ ಮೇಲೆ ಇನ್ನೊಂದು ಮಿಳ್ಳೆ ಸುರಿದರು.

“ಅಣ್ಣನ ಜಟಕಾದವರೂ ಹಾಗೇ ಅತ್ತೆ” ಎಂದು ಸೀತಾರಾಮು, ಒಳ್ಳೆಯ ಮನಸ್ಸಿನಿಂದಲೇ, ನನ್ನ ಕಥೆಯನ್ನೂ ಹೇಳಿದ.

ಅತ್ತೆ ನನ್ನನ್ನು ಮರುಕದಿಂದ ನೋಡಿದರು. “ಇಷ್ಟು ವರ್ಷ ಗೊತ್ತೇ ಆಗ್ಲಿಲ್ವೇ ನಿಮಗೆ?” ಎಂದರು. ಆ ಬೆರಗಿನಲ್ಲಿ ನನ್ನ ಎಲೆಗೆ ಬಡಿಸುವುದನ್ನೇ ಮರೆತು ಮೂರನೆಯದಕ್ಕೆ ಹೋದರು. ಒಣ ಒಬ್ಬಟ್ಟು ಮುರಿಯುತ್ತ ನನಗೆ ಅನಿಸಿದ್ದಿಷ್ಟು: ಬೇಸ್ತು ಬೀಳುವುದೇ ಆದರೆ ಮನುಷ್ಯ ಮೆಕ್ಸಿಕೋಗೆ ಹೋಗಿ ಬೀಳಬೇಕು.