ಉಪ್ಪಿನ ಬಗ್ಗೆ ಗ್ರೀಕನೊಬ್ಬ ಹೇಳಿದ್ದು

ಪರೀಕ್ಷೆಗಳು ಇರುವವರೆಗೆ ಪರೀಕ್ಷಕರ ಕುರಿತ ದಂತಕಥೆಗಳೂ ಹುಟ್ಟುತ್ತಲೇ ಇರುತ್ತವೆ. ಅವನ್ನು ಪರೀಕ್ಷಿಸಿ ನೋಡಿದವರನ್ನು ಮಾತ್ರ ನಾನು ಈವರೆಗೆ ಕಂಡಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ, ಪುಣೆಯ ಕೊಂಢವಾದ ನಮ್ಮ ಮನೆಯಲ್ಲಿ ಹನ್ನೆರಡನೆಯ ತರಗತಿಯ ಮಕ್ಕಳಿಗೆ ಮೇಲ್ಮಟ್ಟದ ಇಂಗ್ಲಿಷಿನ ಪ್ರಬಂಧ ಬರೆಯುವುದನ್ನು ಹೇಳಿಕೊಡುತ್ತಿದ್ದೆ. ಕೆಳಗಿನ ಮನೆಯ ಹುಡುಗಿಯೊಬ್ಬಳು ಬರುತ್ತಿದ್ದಳು. ಅವಳ ತಂದೆ ಬೆಳಗಾವಿ ಕಡೆಯವರು, ಹಡಪಸರದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದರು. ಹುಡುಗಿಗೆ ವಕೀಲೆಯಾಗುವ ಹಟ. ಇಂಗ್ಲಿಷ್ ಮಾತ್ರ ಕೈಗೆ ಹತ್ತುತ್ತಿರಲಿಲ್ಲ. ಪಾಸಾದರೆ ಕಾನೂನು ಕಾಲೇಜು, ನಪಾಸಾದರೆ ಅಂಗಡಿಯಲ್ಲಿ ಸೀರೆ ಮಡಿಚುವುದು ಎಂದು ತಂದೆ ಮೊದಲ ದಿನವೇ ನನ್ನೆದುರು ತೀರ್ಪು ಕೊಟ್ಟಿದ್ದರು.

೧. ಮೀಟರ್ ಕೋಲು

ಪರೀಕ್ಷಕರು ಪ್ರಬಂಧವನ್ನು ಓದುವುದೇ ಇಲ್ಲ, ಗೇಣಿನಿಂದ ಅಳೆದು ಅಂಕ ಹಾಕುತ್ತಾರೆ ಎಂಬುದು ಆಗಿನ ಪ್ರಸಿದ್ಧ ದಂತಕಥೆ. ತಂದೆ ಅದನ್ನು ಅಂಗಡಿಯಲ್ಲಿ ಯಾವುದೋ ಗಿರಾಕಿಯಿಂದ ಕೇಳಿ ಬಂದರು. ಮರುದಿನದಿಂದ ಮಗಳ ಪ್ರಬಂಧದ ಹಾಳೆಗಳನ್ನು ಸಾಲಾಗಿ ಹಾಸಿ, ಅಂಗಡಿಯ ಕಬ್ಬಿಣದ ಮೀಟರ್ ಕೋಲಿನಿಂದ ಅಳೆಯತೊಡಗಿದರು. ಹಾಗೆಲ್ಲ ಅಳೆಯುವುದಿಲ್ಲ ಎಂದು ನಾನು ವಿನಯದಿಂದಲೇ ತಿಳಿಸಿದೆ.

“ಮಾಲು ಕಮ್ಮಿ ಕೊಟ್ರ ಗಿರಾಕಿ ಸುಮ್ಮನಿರ್ತಾರೇನ್ರಿ ಬಾಯಾರ?” ಎಂದರು.

ಹುಡುಗಿ ಜಾಣೆ. ಅಕ್ಷರಗಳು ದಿನದಿಂದ ದಿನಕ್ಕೆ ಉಬ್ಬಿದವು; ಒಂದು ಸಾಲಿಗೆ ನಾಲ್ಕೇ ಪದ ಹಿಡಿಯುವಂತಾಯಿತು. ಪ್ರಬಂಧ ಒಂದೂವರೆ ಮೀಟರ್ ಮುಟ್ಟಿದ ದಿನ ತಂದೆ ಹಾಳೆಯನ್ನು ಬೆಳಕಿಗೆ ಹಿಡಿದು, ವ್ಯಾಪಾರಿಯ ಕಣ್ಣಿನಿಂದ ನೋಡಿದರು.

“ಇದು ಎಳದು ಅಳದ ಮಾಲ ಅದ. ಒಮ್ಮೆ ತೊಳದ್ರ ಅರ್ಧ ಆಗ್ತದ.”

ನಾನು ತಿಂಗಳಿಂದ ಹೇಳುತ್ತಿದ್ದುದು ಇದನ್ನೇ. ಅಂದಿನಿಂದ ಕೋಲು ಅಂಗಡಿಗೆ ಮರಳಿತು.

೨. ಮಹನೀಯರ ಮಾತು

ಎರಡನೆಯ ದಂತಕಥೆಯನ್ನು ಹುಡುಗಿಯೇ ಕಾಲೇಜಿನಿಂದ ತಂದಳು. ಪ್ರಬಂಧವು ಮಹನೀಯರ ಮಾತಿನಿಂದ ಆರಂಭವಾಗದಿದ್ದರೆ ಅರ್ಧಕ್ಕಿಂತ ಹೆಚ್ಚು ಅಂಕ ಬರುವುದಿಲ್ಲವಂತೆ. ಹಾಗೆಂದು ಯಾರು ಹೇಳಿದರು ಎಂದು ಕೇಳಿದೆ. ಎಲ್ಲರೂ ಹೇಳುತ್ತಾರೆ ಎಂದಳು. ಆದರೆ ಮಹನೀಯರ ಮಾತುಗಳು ಅವಳ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಬಾಯಿಪಾಠವಾಗಿದ್ದದ್ದು ಅವಳ ಅಜ್ಜಿ ಮನೆಯವರನ್ನೆಲ್ಲ ಬೈಯುವ ಒಂದೇ ಮಾತು:

“ಸಾರಿಗೆ ಉಪ್ಪು ಹೆಚ್ಚಾದ್ರ ನೀರು ಹಾಕಬಹುದು. ಮಾತು ಹೆಚ್ಚಾದ್ರ ಏನ ಹಾಕ್ತಿ?”

ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅವಳು ಅದನ್ನೇ ಇಂಗ್ಲಿಷಿಗೆ ತಿರುಗಿಸಿ, ‘ಪ್ರಾಚೀನ ಗ್ರೀಕ್ ಜ್ಞಾನಿಯೊಬ್ಬ ಹೇಳಿರುವಂತೆ’ ಎಂದು ಆರಂಭಿಸಿ ಬಂದಳು. ಗ್ರೀಕನೇ ಏಕೆ ಎಂದೆ.

“ಅಜ್ಜಿ ಅಂತ ಬರದ್ರ ಯಾರು ಮಾರ್ಕ್ಸ್ ಕೊಡ್ತಾರ್ರಿ?”

ವಕೀಲೆಯಾಗಲು ತಕ್ಕವಳೇ ಎನಿಸಿತು.

೩. ಕೆಂಪು ಗೆರೆ

ಉತ್ತರಪತ್ರಿಕೆ ಮರಳಿ ಬಂತು. ಜ್ಞಾನಿಯ ಮಾತಿನ ಕೆಳಗೆ ಕೆಂಪು ಗೆರೆ. ಸಿಕ್ಕಿಬಿದ್ದಳು ಎಂದುಕೊಂಡೆ. ಪಕ್ಕದಲ್ಲಿ ‘ಉತ್ತಮ’ ಎಂದಿತ್ತು. ಕಾಲೇಜಿನ ಇಂಗ್ಲಿಷ್ ಸರ್ ಅಷ್ಟಕ್ಕೇ ನಿಲ್ಲಿಸದೆ, ಆ ಮಾತನ್ನು ಇಡೀ ತರಗತಿಗೆ ಬರೆಸಿ, ಯಾವ ವಿಷಯ ಬಂದರೂ ಇದು ಹೊಂದುತ್ತದೆ ಎಂದು ಭರವಸೆಯನ್ನೂ ಕೊಟ್ಟರು.

ಬೋರ್ಡ್ ಪರೀಕ್ಷೆಯಲ್ಲಿ ತರಗತಿಗೆ ತರಗತಿಯೇ ಉಪ್ಪಿನಿಂದ ಆರಂಭಿಸಿತು. ಒಂದೇ ಮಾತು, ಹುಟ್ಟಿಯೇ ಇರದ ಒಬ್ಬನೇ ಗ್ರೀಕ. ಸಾಮೂಹಿಕ ನಕಲೆಂದು ಫಲಿತಾಂಶ ತಡೆಹಿಡಿದರೆ? ಎರಡು ತಿಂಗಳು ನಾನು ಮಾಡಿದ ಸಾರಿಗೆ ಒಮ್ಮೆ ಉಪ್ಪಿಲ್ಲ, ಒಮ್ಮೆ ಎರಡು ಸಲ ಉಪ್ಪು.

೪. ಪೇಢೆಯ ದಿನ

ತಡೆಹಿಡಿಯಲಿಲ್ಲ. ಹುಡುಗಿ ಇಂಗ್ಲಿಷಿನಲ್ಲಿ ಅರವತ್ತೆಂಟು ತೆಗೆದಿದ್ದಳು. ತಂದೆ ಅಂಕಪಟ್ಟಿಯನ್ನು ಎರಡು ಸಲ ಓದಿ, ಕಾನೂನು ಕಾಲೇಜಿನ ಅರ್ಜಿ ಎಲ್ಲಿ ಸಿಗುತ್ತದೆಂದು ನನ್ನನ್ನು ಕೇಳಿದರು. ನಾನು ಎಷ್ಟೋ ದಿನಗಳ ಮೇಲೆ ನಿರಾಳವಾಗಿ ಉಸಿರುಬಿಟ್ಟೆ.

ಸಂಜೆ ಕಾಲೇಜಿನ ಸರ್ ಅಭಿನಂದಿಸಲು ಹುಡುಗಿಯ ಮನೆಗೆ ಬಂದಾಗ ನಾನೂ ಅಲ್ಲೇ ಇದ್ದೆ. ಪೇಢೆ ತಿನ್ನುತ್ತ, ಎಲ್ಲವೂ ಆ ಗ್ರೀಕ್ ಜ್ಞಾನಿಯ ಕೃಪೆ ಎಂದು ಮರಾಠಿಯಲ್ಲಿ ಹೊಗಳಿ, ಉಪ್ಪಿನ ಮಾತನ್ನು ಅಜ್ಜಿಗೂ ವಿವರಿಸಿದರು. ಮೂವತ್ತು ವರ್ಷ ಪುಣೆಯಲ್ಲಿದ್ದ ಅಜ್ಜಿಗೆ ಮರಾಠಿ ಚೆನ್ನಾಗಿಯೇ ತಿಳಿಯುತ್ತಿತ್ತು. ಮಾತಾಡುವುದು ಮಾತ್ರ ಕನ್ನಡ. ಹುಡುಗಿ ನೆಲ ನೋಡಿದಳು. ನಾನು ಪೇಢೆಯ ಡಬ್ಬಿ ನೋಡಿದೆ.

ಅಜ್ಜಿ ಇನ್ನೊಂದು ಪೇಢೆಯನ್ನು ಸರ್ ಕೈಗಿಟ್ಟರು.

“ಗಂಡಸು ಉಪ್ಪಿನ ಬಗ್ಗೆ ಇಷ್ಟು ಬಲ್ಲ ಅಂದ್ರ, ಅವನ ಹೆಂಡತಿನ ಹೇಳಿಕೊಟ್ಟಿರಬೇಕು.”

ಏನೆಂದರು ಎಂದು ಸರ್ ನನ್ನತ್ತ ತಿರುಗಿದರು. ನಾನು ಮರಾಠಿಗೆ ತಿರುಗಿಸಿ ಹೇಳಿದೆ. ಅವರು ಮನಸಾರೆ ನಕ್ಕರು. ಆಮೇಲೆ ಜೇಬಿನಿಂದ ಪೆನ್ನು ತೆಗೆದು, ಮುಂದಿನ ವರ್ಷದ ಮಕ್ಕಳಿಗೆ ಬೇಕಾಗುತ್ತದೆ, ಅಜ್ಜಿ ಈಗ ಹೇಳಿದ್ದು ಯಾವ ಜ್ಞಾನಿಯ ಮಾತು ಎಂದು ಕೇಳಿದರು.