ಬಾಟಲಿಯೊಳಗಿನ ಮಡಿ

ನಮ್ಮ ಸೋದರಮಾವ ಕುರ್ಚಿಗೆ ಬೆನ್ನು ಒರಗಿಸಿ ಕೂತದ್ದನ್ನು ಯಾರಾದರೂ ಕಂಡಿದ್ದರೆ ದಯವಿಟ್ಟು ನನಗೊಂದು ಫೋಟೊ ಕಳಿಸಿ, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತೇನೆ! ಮಾನ್ವಿಯಿಂದ ರಾಯಚೂರಿಗೆ ದಿನಾ ಹೋಗಿಬರುವ ಈ ಮಹಾಶಯ ಸೀಟು ಖಾಲಿ ಇದ್ದರೂ ಬಸ್ಸಿನಲ್ಲಿ ನಿಂತೇ ಹೋಗುತ್ತಾನೆ. ಕಂಡಕ್ಟರ್ ಒಮ್ಮೆ ಸೋತು, "ಸರ್, ನೀವು ಕುಂತ್ರ ನನಗ ಓಡಾಡಾಕ ಜಾಗ ಆಗ್ತದ್ರಿ" ಎಂದನಂತೆ. "ಮುಂದಿನ ಸ್ಟಾಪಿಗೆ ಕೂಡ್ತೀನಿ" ಎಂದ ಮಾಮ ಇಳಿಯುವವರೆಗೂ ಪ್ರತಿ ಸ್ಟಾಪಿನಲ್ಲಿ ಅದನ್ನೇ ಹೇಳಿದ. ಇಂಥವನಿಗೆ ಸಿಕ್ಕ ಕೆಲಸ ಯಾವುದು ಗೊತ್ತೆ? ಎಲೆಯ ಚೂರನ್ನು ಬಾಟಲಿಯಲ್ಲಿಟ್ಟು, ಅದು ಗಿಡವಾಗುವುದನ್ನು ತಿಂಗಳುಗಟ್ಟಲೆ ಕಾಯುವ ಪ್ರಯೋಗಾಲಯದಲ್ಲಿ ಸಹಾಯಕನ ಕೆಲಸ!

ಈ ಚಡಪಡಿಕೆಗೆ ಅವನ ತಾಯಿ, ಅಂದರೆ ನಮ್ಮ ಅಜ್ಜಿಯೇ ಕಾರಣ ಎಂಬುದು ನನ್ನ ವಾದ. ಅಜ್ಜಿಯದು ಗುಡಿಯ ಪೂಜೆಯ ಮನೆತನ, ಮಡಿಯೆಂದರೆ ಮಡಿ. ಒದ್ದೆ ಸೀರೆಯುಟ್ಟು ಬಚ್ಚಲಿನಿಂದ ಹೊರಬಿದ್ದಳೆಂದರೆ ಕೂಲಿಯವರು ಅಂಗಳದಾಚೆಗೇ ನಿಲ್ಲಬೇಕು, ಬೆಕ್ಕು ಕೂಡ ದಾರಿ ಬಿಡುತ್ತಿತ್ತು. ಬಿಡದವನು ಮಾಮನೊಬ್ಬನೇ. ಚಿಕ್ಕವನಿದ್ದಾಗ ದಿನಾ ಓಡಿ ಬಂದು ಅವಳನ್ನು ಅಪ್ಪಿಕೊಳ್ಳುತ್ತಿದ್ದ, ಅವಳು ಬೈಯುತ್ತ ಮತ್ತೆ ಸ್ನಾನಕ್ಕೆ ಹೋಗುತ್ತಿದ್ದಳು. ಕಡೆಗೆ ಅಜ್ಜಿ ಹಿತ್ತಲಿನ ಕೃಷ್ಣಕಮಲದ ಬಳ್ಳಿಯ ಪಕ್ಕದ ಕಲ್ಲು ತೋರಿಸಿ, "ಪೂಜಿ ಮುಗಿಯೂತನಕ ಅಲ್ಲೇ ನಿಂದ್ರು. ಹೂವಿನಾಗ ಕೌರವರನ್ನ ಎಣಿಸು" ಎಂದಳು. ಆ ಹೂವಿನ ಸುತ್ತ ಇರುವ ನೇರಳೆ ಎಳೆಗಳು ನೂರು ಮಂದಿ ಕೌರವರು, ನಡುವಿನ ಐದು ಪಾಂಡವರು. ಇದು ಅಜ್ಜಿಯ ಸಸ್ಯಶಾಸ್ತ್ರ. ಒಂದು ದಿನ ಮಾಮ ಅಲ್ಲಿಂದಲೇ ಕೂಗಿದನಂತೆ:

"ಅಮ್ಮಾ, ನೂರಾ ಎರಡು ಅವ."

"ಕರ್ಣ, ಶಕುನಿ ಸೇರ್ಕೊಂಡಿರ್ತಾರ. ಬಾಯಿ ಮುಚ್ಚಿ ನಿಂದ್ರು."

ಆ ಬಳ್ಳಿ ಅಜ್ಜಿ ಮದುವೆಯಾಗಿ ಬರುವಾಗ ದೇವದುರ್ಗದ ತವರಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದದ್ದು. ಹೂ ಬಿಟ್ಟ ದಿನವೆಲ್ಲ ಮೊದಲ ಹೂ ದೇವರಿಗೆ. ಎರಡು ವರ್ಷದ ಹಿಂದೆ ಅದರ ಬುಡಕ್ಕೆ ಗೆದ್ದಲು ಹತ್ತಿತು. ಟೊಂಗೆ ಕತ್ತರಿಸಿ ನೆಟ್ಟದ್ದೆಲ್ಲ ಕೊಳೆಯಿತು. ಅಜ್ಜಿಯ ಮಾತೂ ಊಟವೂ ಕಡಿಮೆಯಾದವು. "ನರ್ಸರಿಯಿಂದ ಬ್ಯಾರೆ ಬಳ್ಳಿ ತರ್ತೀನಿ" ಎಂದ ಮಾಮ. "ಬ್ಯಾರೆ ತಾಯೀನ್ನೂ ತರ್ತೀಯೇನು?" ಎಂದಳು ಅಜ್ಜಿ. ಸರಿ, ಮೂಲ ಬಳ್ಳಿಯನ್ನೇ ಹುಡುಕಿ ಮಾಮ ದೇವದುರ್ಗಕ್ಕೆ ಓಡಿದ. ತವರುಮನೆ ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ.

"ಇಲ್ಲೊಂದು ಕೃಷ್ಣಕಮಲ ಇತ್ತಲ್ರಿ?"

"ಯಾವ ಕಂಪನಿದ್ರೀ?" ಎಂದನಂತೆ ಅಂಗಡಿಯವ.

ವಾಪಸು ಬಂದು ನೋಡಿದರೆ ಬಳ್ಳಿಯ ತುದಿಯಲ್ಲಿ ಉಳಿದದ್ದು ಆರೇ ಎಲೆ. ಅವನ್ನು ಟಿಫಿನ್ ಡಬ್ಬಿಯಲ್ಲಿಟ್ಟುಕೊಂಡು ಮಾಮ ರಾಯಚೂರಿನ ತನ್ನ ಪ್ರಯೋಗಾಲಯಕ್ಕೆ ಹೋಗಿ ಮೇಡಂ ಮುಂದೆ ನಿಂತ. ಮೇಡಂ ಎಂದರೆ ಅಲ್ಲಿನ ಮುಖ್ಯಸ್ಥೆ, ಅವನಿಗಿಂತ ಹತ್ತು ವರ್ಷ ಚಿಕ್ಕವರು. "ಎಲಿಯಿಂದ ಗಿಡ ಆಗ್ತದ್ರಿ. ಆದ್ರ ನೀವು ಕುಣಿಯೂದು ಬಿಡಬೇಕು" ಎಂದರು.

ಎಲೆಯನ್ನು ಔಷಧಿಯಲ್ಲಿ ತೊಳೆದು, ಉಗುರಿನಷ್ಟು ಚೂರು ಮಾಡಿ, ಸಕ್ಕರೆ ಲವಣ ಬೆರೆಸಿ ಬೇಯಿಸಿದ ಗಟ್ಟಿ ಗಂಜಿಯಂಥದರ ಮೇಲೆ ಬಾಟಲಿಯಲ್ಲಿಡಬೇಕು. ಒಂದು ಉಸಿರು ತಾಕಿದರೂ ಬೂಷ್ಟು ಹಿಡಿಯುತ್ತದೆ. ಕೈಗೆ ಸ್ಪಿರಿಟ್, ಚಿಮಟಕ್ಕೆ ಬೆಂಕಿ, ಬಾಯಿಗೆ ಬಟ್ಟೆ. ಮಾಮ ಅಜ್ಜಿಗೆ ಫೋನು ಮಾಡಿದ.

"ಅಮ್ಮಾ, ಇಲ್ಲಿ ನಿನಗಿಂತ ಕಡಕ್ ಮಡಿ ಅದ."

"ಒದ್ದಿ ಉಟ್ಕೋತಾರೇನು?"

"ಇಲ್ಲ, ಸ್ಪಿರಿಟ್ ಹಚ್ಕೋತಾರ."

"ಹಂಗಾದ್ರ ಅದು ಮಡಿ ಅಲ್ಲ, ದವಾಖಾನಿ."

ಬಾಟಲಿಗಳು ಒಂದೊಂದಾಗಿ ಕೆಟ್ಟವು. ಮಾಮ ಗಂಟೆಗೊಮ್ಮೆ ಹೋಗಿ ಗಾಜಿಗೆ ಮೂಗು ಹಚ್ಚುತ್ತಿದ್ದ. ಕೊನೆಗೆ ಎರಡೇ ಎರಡು ಬಾಟಲಿಯಲ್ಲಿ ಎಲೆಚೂರು ಹಸಿರು ಗಂಟಾಗಿ ಉಬ್ಬಿ, ಸಾಸಿವೆ ಕಾಳಿನಷ್ಟು ಚಿಗುರು ಮೂಡಿತು. ಸುಮ್ಮನಿರಲು ಇವನಿಂದಾದೀತೆ? ಒಂದನ್ನು ಜೋಳಿಗೆಯಲ್ಲಿ ಹಾಕಿಕೊಂಡು ಮಾನ್ವಿಗೆ ತಂದು ಅಜ್ಜಿಗೆ ತೋರಿಸಿದ. ಅವನು ಕೈಕಾಲು ತೊಳೆದು ಬರುವಷ್ಟರಲ್ಲಿ ಅಜ್ಜಿ ಮುಚ್ಚಳ ತೆಗೆದು, ಒಂದು ಉದ್ಧರಣೆ ತೀರ್ಥ ಹಾಕಿ, ಮೇಲೊಂದು ತುಳಸಿ ದಳವನ್ನೂ ಇಟ್ಟಿದ್ದಳು!

"ಕೂಸು ಬಾಯಾರಿತ್ತು ಅನಸ್ತು" ಎಂದಳು.

ಮೂರನೇ ದಿನ ಬಾಟಲಿಯ ತುಂಬ ಬಿಳಿ ಬೂಷ್ಟು. ಮಾಮ ಆ ದಿನ ಬಸ್ಸು ಹತ್ತಲಿಲ್ಲ, ಊರ ತುಂಬ ನಡೆದ. ಅಜ್ಜಿ ದೇವರ ಮುಂದೆ ಕೂತು ಅತ್ತಳು. ನಾನಂತೂ ಅವಳು ಅತ್ತದ್ದನ್ನು ಅದೇ ಮೊದಲು ಕಂಡದ್ದು.

ಉಳಿದ ಒಂದು ಬಾಟಲಿಯನ್ನು ಕಣ್ಣಾರೆ ನೋಡಬೇಕೆಂದು ಅವಳು ರಾಯಚೂರಿಗೆ ಹೊರಟಳು. ನಾನೂ ಜೊತೆಗೆ ಹೋದೆ. ಬಾಗಿಲಲ್ಲೇ ಮೇಡಂ ಕೈ ಅಡ್ಡ ಹಿಡಿದರು. "ಅಮ್ಮಾರ, ಅಲ್ಲೇ ನಿಂದರ್ರಿ. ಒಳಗ ಬರಬ್ಯಾಡ್ರಿ, ಏನೂ ಮುಟ್ಟಬ್ಯಾಡ್ರಿ." ದನಿ ಮೆತ್ತಗಿತ್ತು. ಅಜ್ಜಿ ಸೆರಗು ಹೊದ್ದುಕೊಂಡು ಗಾಜಿನ ಹೊರಗೆ ಅರ್ಧ ಗಂಟೆ ನಿಂತಳು. ಒಳಗೆ ಅವಳ ತವರಿನ ಬಳ್ಳಿ, ನಡುವೆ ಗಾಜು. ವಾಪಸು ಬರುವಾಗ ಬಸ್ಸಿನಲ್ಲಿ ಒಂದೇ ಮಾತು ಕೇಳಿದಳು.

"ಆಕಿ ಯಾವ ಊರಾಕಿ?"

"ಮಲ್ಲಟದವರು. ಅಪ್ಪ ಅವ್ವ ನಾಟಿ ಕೂಲಿ ಮಾಡಿ ಓದಿಸ್ಯಾರ" ಎಂದ ಮಾಮ, ಎಂದಿನಂತೆ ನಿಂತುಕೊಂಡೇ.

ಅಜ್ಜಿ ಕಿಟಕಿಯ ಕಡೆ ತಿರುಗಿದಳು.

ಆ ಬಾಟಲಿ ಉಳಿಯಿತು. ಚಿಗುರು ಬೇರು ಬಿಟ್ಟಿತು, ಪ್ಲಾಸ್ಟಿಕ್ ಮುಸುಕಿನಡಿ ಬಿಸಿಲು ಕಲಿತು, ಹಳೆಯ ಜಾಗಕ್ಕೇ ಬಂದು ಹಂದರ ಹತ್ತಿತು. ಮುಂದಿನ ವರ್ಷ ಒಂದು ಬೆಳಿಗ್ಗೆ ಮೊದಲ ಹೂ ಬಿಟ್ಟಾಗ ಮಾಮ ಹಿತ್ತಲಲ್ಲೇ ಇದ್ದ, ಎಣಿಸುತ್ತಿದ್ದ. ಒದ್ದೆ ಸೀರೆಯಲ್ಲಿ ಅಜ್ಜಿ ಬಂದಳು. ಐವತ್ತು ದಾಟಿದ ಮಾಮ ಅಭ್ಯಾಸಬಲದಿಂದ ಹಿಂದೆ ಸರಿದು ತನ್ನ ಹಳೆಯ ಕಲ್ಲಿನ ಮೇಲೆ ಹೋಗಿ ನಿಂತ.

"ಎಷ್ಟು ಅವ?"

"ನೂರಾ ಎರಡು, ಅಮ್ಮಾ."

ಅಜ್ಜಿ ಹೂ ಕೊಯ್ಯಲಿಲ್ಲ. ಮಾಮನ ಹತ್ತಿರ ಬಂದಳು.

"ಹೊರಗ ನಿಂತ್ರ ಹೆಂಗ ಅನಸ್ತದ ಅಂತ ಅವತ್ತು ಆ ಗಾಜಿನ ಮುಂದ ಗೊತ್ತಾತು. ನಿನ್ನ ಭಾಳ ನಿಂದರಿಸೀನಪ್ಪಾ. ನಿನ್ನೊಬ್ಬನ್ನೇ ಅಲ್ಲ ಬಿಡು."

ಹಾಗೆಂದವಳು ಒದ್ದೆ ಕೈಯನ್ನು ಅವನ ತಲೆಯ ಮೇಲಿಟ್ಟಳು. ಆಮೇಲೆ ಹೂ ಕೊಯ್ದುಕೊಂಡು ನೆಟ್ಟಗೆ ದೇವರ ಮನೆಗೆ ನಡೆದಳು, ಮತ್ತೆ ಸ್ನಾನಕ್ಕೆ ಹೋಗಲಿಲ್ಲ.

ಪೂಜೆ ಮುಗಿದು ಗಂಟೆ ಬಾರಿಸಿದರೂ ಮಾಮ ಆ ಕಲ್ಲು ಬಿಟ್ಟು ಕದಲಲಿಲ್ಲ. ರಾಯಚೂರಿನ ಬಸ್ಸು ತಪ್ಪಿಹೋಯಿತು.